ಕಡಲ ತಳಕ್ಕೆ ಹೊರಟವನೂ ಹರಕೆಯ ಕೋಳಿಗಳೂ

ನಾನು ಕಾಶೆವ್ವನನ್ನು ಮೊದಲು ನೋಡಿದ್ದು ಮುಂಡಗೋಡದಿಂದ ಹಳಿಯಾಳಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ. ಧಾರವಾಡದಿಂದ ತಂದ ಪದವಿ ಪತ್ರವನ್ನು ಸುರುಳಿ ಸುತ್ತಿ, ಅದಕ್ಕೊಂದು ಕೆಂಪು ಲಾಡಿ ಕಟ್ಟಿ, ಬಾಣಂತಿ ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಪಕ್ಕದ ಸೀಟಿನಲ್ಲಿ ಅವಳೂ ಅವಳ ಸೋದರತ್ತೆ ಸತ್ತೆವ್ವನೂ ಇದ್ದರು. ಅವಳು ಹಸಿರು ಸೀರೆ ಉಟ್ಟಿದ್ದಳು. ಕಿಟಕಿಯಿಂದ ಬಂದ ಧೂಳು ಅವಳ ಹುಬ್ಬಿನ ಮೇಲೆ ಕೂತಿತ್ತು. ತೊಡೆಯ ಮೇಲೊಂದು ಅರಿವೆಯ ಚೀಲ. ಆ ಚೀಲದಿಂದ ಒಂದು ಕೋಳಿ ಕುತ್ತಿಗೆ ಹೊರಗೆ ಹಾಕಿ, ಟಿಕೆಟ್ ತಪಾಸಣೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಬಸ್ಸಿನ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು.

ಕಲಘಟಗಿ ದಾಟಿದ ಮೇಲೆ ಅದರ ಕಣ್ಣು ನನ್ನ ಪದವಿಯ ಮೇಲೆ ಬಿತ್ತು. ನಾನು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಲಾಡಿಯನ್ನು ಕುಕ್ಕಿ ಎಳೆಯಿತು. ನಾನು ಪದವಿಯನ್ನು ಎದೆಗೆ ಅವಚಿಕೊಂಡೆ.

"ಅಂಜಬ್ಯಾಡ್ರಿ," ಅಂದಳು ಅವಳು. "ಕಾಗದಾ ಅದಕ್ಕ ಸೇರೂದಿಲ್ಲ."

"ಇದು ಬರೇ ಕಾಗದಲ್ಲ. ಬಿ.ಎ. ಐತಿ," ಅಂದೆ. ಮುಂಡಗೋಡದ ಹತ್ತಿರದ ಇಂದೂರಿನ ನಮ್ಮ ಮನೆತನದಲ್ಲಿ ಏಳನೆಯ ಇಯತ್ತೆ ದಾಟಿದವನೇ ಇರಲಿಲ್ಲ. ಆ ಎರಡು ಅಕ್ಷರಗಳನ್ನು ಜೋರಾಗಿ ಹೇಳುವ ಹಕ್ಕು ನನಗಿತ್ತು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಬಿ.ಎ. ಆದವರನ್ನು ಏನು ಕೇಳಬೇಕೆಂದು ಆಲೋಚಿಸುತ್ತಿದ್ದಳೆಂದು ಕಾಣುತ್ತದೆ. ಆಮೇಲೆ, "ಹಂಗಾರ ನೀವು ಸಮುದ್ರ ನೋಡಿರಬೇಕಲ್ರಿ?" ಅಂದಳು.

ನಾನು ಅಲ್ಲಿಯತನಕ ನೋಡಿದ ಅತಿ ದೊಡ್ಡ ನೀರು ನಮ್ಮೂರ ಕೆರೆ. ಅದನ್ನು ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಆದರೆ ಪದವಿ ಎದೆಗೆ ತಾಗಿಕೊಂಡಿದ್ದಾಗ ಮನುಷ್ಯನಿಗೆ ಸುಮ್ಮನಿರಲು ಬರುವುದಿಲ್ಲ.

"ಇನ್ನೂ ಇಲ್ಲ. ಆದರ ನೋಡಿದರ ಎಲ್ಲಾರಂಗ ದಂಡಿಗೆ ನಿಂತು ನೋಡಂವಲ್ಲ. ತಳಾ ನೋಡ್ತೇನಿ. ಬೇಕಾದರ ನಿಮಗೂ ತೋರಿಸ್ತೇನಿ!"

ಸತ್ತೆವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ತಮ್ಮಾ, ಸಮುದ್ರದ ತಳಾ ನೋಡಿದವರು ಹೇಳಾಕ ತಿರುಗಿ ಬರೂದಿಲ್ಲೋ," ಅಂದಳು. ಕಾಶೆವ್ವ ಮಾತ್ರ ನಕ್ಕು ಕಿಟಕಿಯ ಹೊರಗೆ ನೋಡಿದಳು. ಆ ನಗುವಿನ ಬೆನ್ನು ಹತ್ತಿ ನಾನು ಅವರ ಊರು ಕೇಳಿದೆ, ಹಿರಿಯರನ್ನು ಕಳಿಸಿದೆ, ಮುಂದಿನ ಯುಗಾದಿಯ ಹೊತ್ತಿಗೆ ಮದುವೆಯಾಯಿತು. "ಹುಡುಗ ಹೆಂಗದಾನ?" ಎಂದು ಅವರ ಮನೆಯಲ್ಲಿ ಕೇಳಿದ್ದಕ್ಕೆ ಅವಳು, "ಸಮುದ್ರ ತೋರಿಸ್ತಾನಂತ," ಎಂದಷ್ಟೇ ಹೇಳಿದ್ದಳಂತೆ.

ದಾಂಡೇಲಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನನಗೆ ಗುಮಾಸ್ತಿಕೆ ಸಿಕ್ಕಿತು. ಓಣಿಯ ಜನ ನನ್ನನ್ನು 'ಬೀಯೇ ಸಾಹೇಬ್ರು' ಎಂದರು. ಹೆಸರಿನ ಜೊತೆಗೆ ಒಂದು ಬಿಟ್ಟಿ ಚಾಕರಿಯೂ ಗಂಟುಬಿದ್ದಿತು: ತೀರ್ಪು ಕೊಡುವುದು. ನಳದ ಪಾಳಿ ಯಾರದು, ಪಕ್ಕದ ಮನೆಯ ಹೀರೇಬಳ್ಳಿ ನಮ್ಮ ಗೋಡೆಗೆ ಬಂದರೆ ಕಾಯಿ ಯಾರದು, ಎಲ್ಲಕ್ಕೂ ನಾನೇ ಕೋರ್ಟು. ನನಗೂ ಅದು ಹಿಡಿಸಿತ್ತು. ನಾನು ಕಟ್ಟೆಯ ಮೇಲೆ ನಿಂತು ಕೊರಳು ಸರಿಮಾಡಿಕೊಂಡರೆ ನಾಯಿಗಳೂ ಬೊಗಳುವುದನ್ನು ಬಿಡುತ್ತಿದ್ದವು. ಕಾಶೆವ್ವ ಮಾತ್ರ ಪ್ರತಿ ತೀರ್ಪಿನ ಕೊನೆಗೆ ಒಳಗಿನಿಂದ ಒಂದೇ ಮಾತು ಕೇಳುತ್ತಿದ್ದಳು: "ಸಮುದ್ರದ್ದು ಯಾವಾಗ ತೀರ್ಪು?"

ಎಂಬತ್ತಮೂರರ ದಸರೆಯ ಆಸುಪಾಸಿನಲ್ಲಿ ಆ ತೀರ್ಪಿಗೂ ಕಾಲ ಕೂಡಿಬಂತು. ನಮ್ಮ ಓಣಿಯ ತುದಿಯಲ್ಲಿ ಖಾಜಾಸಾಬನ ಗ್ಯಾರೇಜು. ಒಂದು ಸಂಜೆ ಅಲ್ಲಿ ಒಬ್ಬ ಕಟ್ಟುಮಸ್ತಾದ ಮನುಷ್ಯ ಹಳೇ ಟಾಯರಿನ ಮೇಲೆ ಕೂತು ಚಹಾದಲ್ಲಿ ಬನ್ನು ಅದ್ದುತ್ತಿದ್ದ. ಪಕ್ಕದಲ್ಲಿ ಬಾತುಕೋಳಿಯ ಪಾದದಂಥ ರಬ್ಬರಿನ ಬೂಟು, ಒಂದು ಕಬ್ಬಿಣದ ಸಿಲಿಂಡರು. ಹೆಸರು ರೊಜಾರಿಯೊ, ಕಾರವಾರದವನು. ನೀರಿನಲ್ಲಿ ಮುಳುಗಿ ಅಣೆಕಟ್ಟಿನ ಬಾಗಿಲುಗಳನ್ನು ನೋಡುವುದೇ ಅವನ ಕೆಲಸ. ಸಿಲಿಂಡರಿನ ಬಾಯಿ ಸೋರುತ್ತಿದೆಯೆಂದು ರಿಪೇರಿಗೆ ತಂದಿದ್ದ.

"ಇದನ್ನು ಕಟ್ಟಿಕೊಂಡರೆ ನೀರೊಳಗೆ ಉಸಿರಾಡ್ತೀರೋ?" ಅಂದೆ.

"ಮತ್ತೆ? ನೀರೊಳಗೆ ಬೀಡಿ ಸೇದೂದಕ್ಕೆ ಇದನ್ನು ಹೊರ್ತಾರೋ?" ಅಂದ ರೊಜಾರಿಯೊ. ಆಮೇಲೆ ತನ್ನ ಭಾವನ ಬೋಟಿನ ಸುದ್ದಿ ತೆಗೆದ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಆ ಬೋಟು ಕಡಲಿನ ನಡುವಿನ ಒಂದು ದ್ವೀಪಕ್ಕೆ ಹೋಗುತ್ತದೆ. ವರ್ಷಕ್ಕೆ ಒಂದೇ ಸಲ. ಅಲ್ಲಿ ನೀರು ಗಾಜಿನಂತೆ, ತೆಂಗು ತಾನಾಗಿ ಬೆಳೆದಿದೆ, ಕೆಳಗೆ ಹಳದಿ, ನೀಲಿ, ಪಟ್ಟೆಪಟ್ಟೆ ಮೀನು. "ಬನ್ನಿ, ಗಂಡ-ಹೆಂಡ್ತಿ ಇಬ್ಬರನ್ನೂ ಇಳಿಸ್ತೇನೆ. ಹಗ್ಗ ಹಿಡ್ಕೊಂಡು ನಾನೇ ಇರ್ತೇನೆ. ಆದ್ರೆ ಇಬ್ಬರಿಗೇ ಜಾಗ. ಮತ್ತೆ ಬಾಯಿಂದ ಉಸಿರು ತಗೊಳ್ಳೂದು ಕಲ್ತು ಬರಬೇಕು. ನೀರು ಯಾರನ್ನೂ ಕೊಲ್ಲೂದಿಲ್ಲ, ಗಾಬ್ರಿ ಕೊಲ್ತದೆ."

ನಾನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದೆ. "ಕಾಶೀ, ಸಂಕ್ರಾಂತಿ ಆದ ಮ್ಯಾಲೆ ಸಮುದ್ರಕ್ಕ ಹೋಗೂಣು. ತಳಕ್ಕ!"

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ನಮ್ಮ ಸಂಸಾರದಲ್ಲಿ ಅವಳು ರೊಟ್ಟಿ ಹೊತ್ತಿಸಿದ್ದು ಅದೊಂದೇ ಸಲ.

ಮರುದಿನ ನಳದ ಹತ್ತಿರ ಅವಳು ಖಾಜಾಸಾಬನ ಹೆಂಡತಿ ಹಜರಾಬಿಗೆ ವಿಷಯ ಹೇಳಿದಳು. ಹಜರಾಬಿ ಕೊಡ ಕೆಳಗಿಟ್ಟು, "ಯಾವ ದ್ವೀಪ? ಕೋಳಿ ಬಿಡೂ ದ್ವೀಪನಾ?" ಅಂದಳು.

ಆ ದ್ವೀಪದ ಇನ್ನೊಂದು ಮುಖ ನಮಗೆ ತಿಳಿದದ್ದು ಆಗ. ಅಲ್ಲೊಂದು ಬಂಡೆ. ಬಂಡೆಯ ಮೇಲೆ ಒಂದು ಶಿಲುಬೆ, ಒಂದು ಹಸಿರು ಬಾವುಟ, ಕುಂಕುಮ ಹಚ್ಚಿದ ಒಂದು ಕಲ್ಲು. ಯಾವ ದೇವರಿಗೆ ಹರಕೆ ಹೊತ್ತರೂ ಅಲ್ಲಿಗೆ ಜೀವಂತ ಕೋಳಿ ಒಯ್ದು ಬಿಟ್ಟುಬರುತ್ತಾರೆ. ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಬೋಟು ಹೋಗುವುದೇ ಅದಕ್ಕೆ. ಬೆಟ್ಟದ ಮೇಲಿನ ನಮ್ಮಂಥವರಿಗೆ ಅಲ್ಲಿಗೆ ಹೋಗಲಾಗುವುದಿಲ್ಲವೆಂದು ಎಷ್ಟೋ ಮನೆಗಳಲ್ಲಿ ಹರಕೆಗಳು ಹಾಗೆಯೇ ಬಾಕಿ ಉಳಿದಿದ್ದವು. ಮತ್ತು ನಮ್ಮ ಕಡೆ ಒಂದು ಪದ್ಧತಿಯಿದೆ: ದೇವರ ಊರಿಗೆ ಹೊರಟವರ ಕೈಯಲ್ಲಿ ಹರಕೆ ಕೊಟ್ಟರೆ ಅವರು ಒಲ್ಲೆ ಅನ್ನುವಂತಿಲ್ಲ.

ಸಂಜೆಗೆ ಹಜರಾಬಿ ಒಂದು ಕಪ್ಪು ಕೋಳಿ ತಂದಳು. "ಸಾಹೇಬ್ರ, ಇವರ ಕೈ ಮಶೀನಿಗೆ ಸಿಕ್ಕಾಗ ಮನ್ನತ್ ಮಾಡಿದ್ದೆ. ಕೈ ಬಂತು, ಕೋಳಿ ಹೋಗಲಿಲ್ಲ." ಮರುದಿನ ಎದುರುಮನೆಯ ಮಾಲವ್ವ ಒಂದು ಚುಕ್ಕಿಕೋಳಿ ತಂದಳು, ಮಗಳಿಗೆ ಗಂಡು ಗೊತ್ತಾದದ್ದಕ್ಕೆ. ಅದರ ಮರುದಿನ ಹಿಂದಿನ ಓಣಿ ಬಂತು. ಆಮೇಲೆ ಮೌಳಂಗಿಯಿಂದ ಒಬ್ಬರು ಬುಟ್ಟಿ ಹೊತ್ತು ಬಂದರು. ರಜೆಯ ಅರ್ಜಿ ಹಿಡಿದು ಮ್ಯಾನೇಜರ ಸಾಹೇಬರ ಮುಂದೆ ನಿಂತರೆ ಅವರು ಕನ್ನಡಕದ ಮೇಲಿನಿಂದ ನೋಡಿ, "ಸಮುದ್ರದ ತಳಾ ನೋಡಾಕ ರಜಾ ಕೊಡೂ ಕಾಯ್ದೆ ಇಲ್ಲ," ಅಂದರು. ಊಟದ ಹೊತ್ತಿಗೆ ತಾವೇ ಕರೆಸಿ, "ಅಲ್ಲೇನೋ ಕೋಳಿ ಬಿಡ್ತಾರಂತಲ್ಲ?" ಅಂದರು. ಸಂಜೆ ರಜೆ ಮಂಜೂರಾಯಿತು. ನಾನು ಮನೆ ಮುಟ್ಟುವ ಮೊದಲೇ ಅವರ ಹುಂಜ ಮುಟ್ಟಿತ್ತು.

ಹೀಗೆ ಕಡಲಯಾನದ ಸಿದ್ಧತೆ ಭರದಿಂದ ಸಾಗಿತು. ನಮ್ಮಲ್ಲಿ ಈಜುಚಡ್ಡಿ ಇರಲಿಲ್ಲ, ನೀರೊಳಗೆ ಹಾಕುವ ಕನ್ನಡಕ ಇರಲಿಲ್ಲ. ಕೋಳಿ ಮಾತ್ರ ಬೇಕಾದಷ್ಟಿದ್ದವು.

ಅಷ್ಟರಲ್ಲಿ ಮಾಲವ್ವನ ಚುಕ್ಕಿಕೋಳಿ ತತ್ತಿಯಿಟ್ಟಿತು. ಬೆಳಿಗ್ಗೆಯೇ ಮಾಲವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

"ಕಾಶೆವ್ವಾ, ನಾ ಕೋಳಿ ಕೊಟ್ಟೇನಿ. ತತ್ತಿ ಕೊಟ್ಟೇನೇನು?"

"ಯಕ್ಕಾ, ಕಾಳು ಹಾಕಾಕಿ ನಾನು. ಹೇಲು ಬಳಿಯಾಕಿ ನಾನು. ತತ್ತಿ ಅಷ್ಟ ನಿಂದೇನು?"

"ಹಂಗಾರ ಸಂಕ್ರಾಂತಿ ತನಕಾ ಕೋಳಿ ನಮ್ಮ ಮನ್ಯಾಗ ಇರ್ಲಿ. ಹೋಗೂ ದಿನಾ ತಂದು ಕೊಡ್ತೇನಿ."

ನಡುವೆ ಹಜರಾಬಿ, "ದೇವ್ರ ಕೋಳಿ ಹಿಂಗ ಜಗ್ಗಾಡಬಾರದವ್ವಾ," ಎಂದು ಎರಡೂ ಕಡೆಯವರನ್ನು ಬೈದಳು. ಕೊನೆಗೆ ಮೂವರೂ ನನ್ನ ಕಡೆ ತಿರುಗಿದರು. ಕಾಶೆವ್ವ ನನ್ನನ್ನು ಒಂದು ವಿಶೇಷ ನೋಟದಿಂದ ನೋಡಿದಳು. 'ದಿನಾ ಒಂದು ತತ್ತಿ, ಜಾಣತನದಿಂದ ಮಾತಾಡ್ರಿ' ಎಂಬ ಅರ್ಥ ಆ ನೋಟದಲ್ಲಿತ್ತು. ಆದರೆ ನಾನು ಆಗಲೇ ಕಟ್ಟೆ ಏರಿ ಕೊರಳು ಸರಿಮಾಡಿಕೊಂಡಿದ್ದೆ. ಗಂಡನ ಕಿವಿ ಕೇಳಬಹುದು, ನ್ಯಾಯಾಧೀಶನ ಕಿವಿ ಕೇಳುವುದಿಲ್ಲ.

"ಕೇಳ್ರಿ," ಅಂದೆ. "ಒಂದು, ಒಪ್ಪಿಕೊಂಡ ಹರಕಿ ಮನಿ ಬದಲಾಸಬಾರದು. ದೇವರಿಗೆ ಮುಟ್ಟೂ ತನಕಾ ಒಪ್ಪಿಕೊಂಡವರ ಮನ್ಯಾಗ ಇರಬೇಕು. ಎರಡು, ಹರಕಿ ಕೋಳಿ ಇಟ್ಟ ತತ್ತಿನೂ ಹರಕಿನ. ಅದನ್ನ ಕೊಟ್ಟವರೂ ತಿನ್ನಬಾರದು, ಸಾಕಿದವರೂ ತಿನ್ನಬಾರದು."

ಓಣಿ ತಲೆದೂಗಿತು. "ಓದಿದವರ ಮಾತಿನ ತೂಕ ನೋಡ್ರಿ," ಅಂದಳು ಹಜರಾಬಿ. ಮಾಲವ್ವ ತನಗೆ ಸಿಗದಿದ್ದರೂ ಕಾಶೆವ್ವನಿಗೂ ಸಿಗಲಿಲ್ಲವೆಂಬ ತೃಪ್ತಿಯಲ್ಲಿ ಹೋದಳು. ಕಾಶೆವ್ವ ಆ ರಾತ್ರಿ ನನಗೆ ಬರೀ ಸಾರು ಬಡಿಸಿದಳು.

ತೀರ್ಪು ಕೊಡುವುದು ಸುಲಭ, ಅದರ ಜೊತೆ ಸಂಸಾರ ಮಾಡುವುದು ಕಷ್ಟ. ತಿನ್ನುವಂತಿಲ್ಲದ ತತ್ತಿಗಳು ಬುಟ್ಟಿ ತುಂಬಿದವು. ಕೊಳೆಯಿಸುವುದು ಪಾಪ. ಆದ್ದರಿಂದ ಕೋಳಿಗಳನ್ನು ಕಾವಿಗೆ ಕೂರಿಸಬೇಕಾಯಿತು. ಕಾರ್ತಿಕ ಮಾಸ ಮುಗಿಯುವುದರೊಳಗೆ ಮರಿಗಳು ಹೊರಬಂದವು. ನನ್ನ ತೀರ್ಪಿನ ಪ್ರಕಾರ ಅವೂ ಹರಕೆಯೇ! ರೇಡಿಯೋ ಮೇಲೆ ಕೋಳಿ, ಹಾಸಿಗೆಯ ಗಳದ ಮೇಲೆ ಕೋಳಿ, ಮಗ್ಗಲು ಬದಲಿಸಿದರೆ ಕೋಳಿ. ಒಂದು ದಿನ ಆಫೀಸಿನಲ್ಲಿ ಟಿಫಿನ್ ಡಬ್ಬಿ ತೆಗೆದರೆ ರೊಟ್ಟಿಯ ಮೇಲೊಂದು ಪುಕ್ಕ, ಕಿರೀಟಕ್ಕೆ ಸಿಕ್ಕಿಸಿದಂತೆ ಅಂದವಾಗಿ ಕೂತಿತ್ತು. ಮ್ಯಾನೇಜರರು ಅದನ್ನು ನೋಡಿ, "ನಮ್ಮದು ಹುಷಾರೈತಿ ಅಲ್ಲ?" ಎಂದು ವಿಚಾರಿಸಿದರು. ನನ್ನ ಹುಷಾರಿ ಯಾರೂ ಕೇಳಲಿಲ್ಲ.

ಇಷ್ಟರ ನಡುವೆ ಉಸಿರಾಟದ ತಾಲೀಮು ಉಳಿದಿತ್ತು. ಖಾಜಾಸಾಬ ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ಅದಕ್ಕೊಂದು ರಬ್ಬರ್ ನಳಿಗೆ ಜೋಡಿಸಿ, ಬೇಕಾದಾಗ ಒತ್ತುವ ಚಿಮಟ ಹಾಕಿಕೊಟ್ಟ. ಮನೆಯ ಹಿಂದೆ ಬಟ್ಟೆ ಒಗೆಯುವ ಸಿಮೆಂಟಿನ ತೊಟ್ಟಿಯಿತ್ತು. ಒಂದು ಭಾನುವಾರ ಅದರ ತುಂಬ ನೀರು ತುಂಬಿಸಿದೆ. ಓಣಿ ನೆರೆಯಿತು.

"ಮೊದಲು ತತ್ವ, ಆಮೇಲೆ ಪ್ರಯೋಗ," ಎಂದು ನಾನು ಶುರುಮಾಡಿದೆ. ಮನುಷ್ಯನ ಶ್ವಾಸಕೋಶ, ನೀರಿನ ಒತ್ತಡ, ಮನಸ್ಸಿನ ಸ್ಥಿರತೆ, ಎಲ್ಲವನ್ನೂ ವಿವರಿಸಿದೆ.

"ಸಾಹೇಬ್ರ, ಬಿಸಲು ಏರಾಕ್ಹತ್ತೈತಿ. ಮುಳುಗ್ರಿ," ಅಂದ ಖಾಜಾಸಾಬ.

ನಳಿಗೆ ಕಚ್ಚಿ ತೊಟ್ಟಿಯಲ್ಲಿ ಮಲಗಿದೆ. ಮೊದಲ ಉಸಿರಿಗೆ ಒಂದು ಹಳೆಯ ಲಾರಿಯ ಪೂರ್ವಜನ್ಮವೆಲ್ಲ ನನ್ನ ಎದೆಯೊಳಗೆ ಇಳಿಯಿತು. ಎರಡನೆಯದೂ ಹೇಗೋ ಇಳಿಯಿತು. 'ಗಾಬ್ರಿ ಕೊಲ್ತದೆ, ಗಾಬ್ರಿ ಕೊಲ್ತದೆ' ಎಂದು ಜಪಿಸುತ್ತಿದ್ದೆ. ಆ ಹೊತ್ತಿಗೆ ಮ್ಯಾನೇಜರ ಸಾಹೇಬರ ಹುಂಜ, ಟ್ಯೂಬು ತನಗಾಗಿಯೇ ಹಾಕಿದ ಸಿಂಹಾಸನವೆಂದು ತಿಳಿದು ಅದರ ಮೇಲೆ ಹಾರಿತು. ನಳಿಗೆ ಬಾಯಿಂದ ಕಿತ್ತುಹೋಯಿತು. ನಾನು ಅರ್ಧ ತೊಟ್ಟಿ ಕುಡಿದು, ಉಳಿದ ಅರ್ಧವನ್ನು ಓಣಿಯ ಮೇಲೆ ಎರಚುತ್ತ ಎದ್ದೆ.

"ತತ್ವ ಚೊಲೋ ಇತ್ರಿ," ಅಂದಳು ಮಾಲವ್ವ.

ನಾನು ಕೆಮ್ಮಿ ಮುಗಿಸುವುದರೊಳಗೆ ಕಾಶೆವ್ವ ಸೀರೆಯ ಕಚ್ಚೆ ಬಿಗಿದು, ನಳಿಗೆ ತೊಳೆದು ಬಾಯಿಗಿಟ್ಟುಕೊಂಡು, ತೊಟ್ಟಿಗೆ ಇಳಿದಿದ್ದಳು. ಮುಳುಗಿದಳು. ಗುಳ್ಳೆಗಳು ಎದ್ದವು. ಒಂದಾದ ಮೇಲೊಂದು, ಅವಸರವಿಲ್ಲದೆ, ಒಲೆಯ ಮೇಲೆ ಅಂಬಲಿ ಕುದಿಯುವ ಹಾಗೆ. ನಾವೆಲ್ಲ ನೋಡುತ್ತ ನಿಂತೆವು. ಖಾಜಾಸಾಬ ಬೀಡಿ ಹಚ್ಚಿ ಸೇದಿ ಮುಗಿಸಿದ. ಹಜರಾಬಿ ಅಲ್ಲಾಹನನ್ನು ಕರೆಯತೊಡಗಿದಳು. ನಾನು ಹೆದರಿ ಕೈ ಹಾಕಿ ಎಳೆದರೆ ಅವಳು ಸಿಟ್ಟಿನಿಂದ ಎದ್ದು ಕೂತಳು.

"ಯಾಕ ಎಬ್ಬಿಸಿದ್ರಿ? ಒಳಗ ಎಷ್ಟು ಶಾಂತ ಐತ್ರಿ. ಕೋಳಿ ಸಪ್ಪಳಾನ ಕೇಳೂದಿಲ್ಲ."

"ನೋಡಿದ್ರೇನ್ರಿ? ನನ್ನ ಪಾಠದ ಫಲ," ಎಂದು ನಾನು ಓಣಿಗೆ ಹೇಳಿದೆ. ಮೂಗಿನಿಂದ ಇನ್ನೂ ನೀರು ಬರುತ್ತಿತ್ತು.

ಅಂದಿನಿಂದ ಕಾಶೆವ್ವ ದಿನವೂ ಮಧ್ಯಾಹ್ನ ತೊಟ್ಟಿಯಲ್ಲಿ ಮುಳುಗುತ್ತಿದ್ದಳು. ನಾನೂ ಹಟ ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹತ್ತು ಉಸಿರಿನ ತನಕ ಬಂದೆ. ದರ್ಜಿಯ ಹತ್ತಿರ ನೀಲಿ ಪಟ್ಟೆಯ ಚಡ್ಡಿ ಹೊಲಿಸಿ, ಹಾಸಿಗೆ ಸುತ್ತುವ ಹೋಲ್ಡಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು, ಹತ್ತು ದಿನ ಮೊದಲೇ ಅದನ್ನು ಮೂಲೆಗೆ ಸೇರಿಸಿದ್ದೆ. ಕಾಶೆವ್ವ ಬಸ್ಸಿನಲ್ಲಿ ಉಟ್ಟಿದ್ದ ಆ ಹಸಿರು ಸೀರೆಯನ್ನೇ ತೆಗೆದು, ಮಡಿಕೆ ಹಾಕಿ, ದಿಂಬಿನಡಿಗೆ ಇಟ್ಟುಕೊಂಡು ಇಸ್ತ್ರಿ ಮಾಡಿದಳು. ರೊಜಾರಿಯೊನಿಂದ ಲಾರಿ ಡ್ರೈವರನ ಬಾಯಲ್ಲಿ ಸುದ್ದಿ ಬಂತು: "ಮನುಷ್ಯರು ಇಬ್ಬರೇ. ಕೋಳಿ ಎಷ್ಟಿದ್ರೂ ಬರ್ಲಿ."

ಹೊರಡುವ ಬೆಳಿಗ್ಗೆ ಖಾಜಾಸಾಬ ಟೆಂಪೋ ತಂದು ನಿಲ್ಲಿಸಿದ. ಜೋಯಿಡಾ ಮೇಲೆ ಹಾಯ್ದು ಸಂಜೆಗೆ ಕಾರವಾರ ಮುಟ್ಟಿಸುವುದು ಅವನ ಹೊಣೆ. ತನ್ನ ಕೈಯ ಸಲುವಾಗಿ ಹೊತ್ತ ಹರಕೆಯಾದ್ದರಿಂದ ಅವನೂ ಹಜರಾಬಿಯೂ ದಂಡೆಯ ತನಕ ಬರುವವರಿದ್ದರು. ಬುಟ್ಟಿಗಳು ಏರಿದವು. ಓಣಿಯವರು ತಮ್ಮ ತಮ್ಮ ಕೋಳಿಗೆ ಬುದ್ಧಿಮಾತು ಹೇಳಿ ಬೀಳ್ಕೊಟ್ಟರು. ಆಗ ಮಾಲವ್ವ ಕೂಗಿದಳು: "ನಮ್ಮ ಚುಕ್ಕಿ ಎಲ್ಲಿ?"

ಮಾಡಿನ ಮೇಲೆ ಇಲ್ಲ, ಒಲೆಯ ಹಿಂದೆ ಇಲ್ಲ, ತೊಟ್ಟಿಯ ಬಳಿ ಇಲ್ಲ. ಕೊನೆಗೆ ಹೋಲ್ಡಾಲ್ ಹೊರಲೆಂದು ನಾನು ಬಗ್ಗಿದೆ. ಅದರೊಳಗಿನಿಂದ ಒಂದು ಗುರುಗುಟ್ಟುವಿಕೆ ಕೇಳಿಸಿತು. ಚುಕ್ಕಿಕೋಳಿ ನನ್ನ ನೀಲಿ ಪಟ್ಟೆಯ ಚಡ್ಡಿಯ ಮೇಲೆ ರೆಕ್ಕೆ ಹರಡಿ ಕೂತಿತ್ತು. ಕೈ ಹಾಕಿದರೆ ಕುಕ್ಕಿತು. ರೆಕ್ಕೆಯಡಿ ತತ್ತಿಗಳು.

"ಕಾವಿಗೆ ಕುಂತೈತಿ," ಅಂದಳು ಹಜರಾಬಿ. "ಈಗ ಎಬ್ಬಿಸಿದರ ತತ್ತಿ ಎಲ್ಲಾ ಕೆಟ್ಟು ಹೋಗ್ತಾವು."

"ಏನಾಗೂದಿಲ್ಲ," ಅಂದೆ ನಾನು. "ಮಾಲವ್ವ ನೋಡಿಕೊಳ್ತಾಳ. ಹೋಲ್ಡಾಲ್ ಸಮೇತ ಆಕಿ ಮನಿಗೆ ಒಯ್ಯೂಣು."

ಕಾಶೆವ್ವ ಟೆಂಪೋದಿಂದ ಕೆಳಗಿಳಿದಳು. "ಒಪ್ಪಿಕೊಂಡ ಹರಕಿ ಮನಿ ಬದಲಾಸಬಾರದು ಅಂದಾವ್ರು ಯಾರ್ರಿ?"

"ನಾನು. ಆದರ..."

"ಹರಕಿ ಕೋಳಿ ತತ್ತಿನೂ ಹರಕಿನ ಅಂದಾವ್ರು?"

"ಅದೂ ನಾನು. ಹಂಗಾರ ತತ್ತಿ ಅಷ್ಟ ಬಿಟ್ಟು..."

"ಸಾಹೇಬ್ರ," ಅಂದಳು ಮಾಲವ್ವ ನಡುವೆ ಬಾಯಿ ಹಾಕಿ, "ನನ್ನ ಮಗಳ ಮದುವಿ ಇನ್ನೂ ಆಗಬೇಕು. ಹರಕಿ ಕೆಟ್ಟರ ನಾ ನಿಮ್ಮ ಕಟ್ಟಿ ಬಿಟ್ಟು ಏಳೂದಿಲ್ಲ." ಓಣಿಯೆಲ್ಲ ಹೌದು ಹೌದು ಎಂದಿತು. ನಾನೇ ತಯಾರಿಸಿದ ನ್ಯಾಯ ನನ್ನ ಕೊರಳಪಟ್ಟಿ ಹಿಡಿದು ನಿಂತಿತ್ತು.

ಉಳಿದದ್ದು ಒಂದೇ ದಾರಿ. "ಕಾಶೀ, ಕೋಳಿ ಎಲ್ಲಾ ಖಾಜಾಸಾಬರು ಮುಟ್ಟಿಸ್ತಾರ. ನಾವಿಬ್ಬರೂ ಮುಂದಿನ ವರ್ಷ ಹೋಗೂಣು."

ಅವಳು ಹಸಿರು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬಸ್ಸಿನ್ಯಾಗ ನೀವು 'ತೋರಿಸ್ತೇನಿ' ಅಂದಿದ್ರಿ," ಅಂದಳು. "'ಜೋಡಿ ನಿಂತು ನೋಡ್ತೇನಿ' ಅಂದಿದ್ದಿಲ್ಲ. ನಿಮ್ಮ ಜಾಗಾದಾಗ ಹಜರಾಬಕ್ಕ ಬೋಟಿಗೆ ಬರ್ತಾಳ."

ನಾನು ಅವಳ ಮುಖ ನೋಡಿದೆ. ಕಲಘಟಗಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ನಕ್ಕ ಮುಖ ಅದೇ. ಇಷ್ಟು ವರ್ಷ ನಾನು ಎಲ್ಲರಿಗೂ ತೀರ್ಪು ಕೊಟ್ಟಿದ್ದೆ. ಇವಳದೊಂದು ಮಾತ್ರ ಬಾಕಿಯಿತ್ತು.

"ಹೋಗಿ ಬಾ," ಅಂದೆ. "ನಳಿಗಿ ಗಟ್ಟಿ ಕಚ್ಚಿ ಹಿಡಿ."

"ನೀವು ನೀರು ಇಡೂದು ಮರೀಬ್ಯಾಡ್ರಿ. ಆಕಿ ಎದ್ದು ಹೋದಾಗ ತತ್ತಿ ಮ್ಯಾಲೆ ಅರಿವಿ ಮುಚ್ಚರಿ." ಟೆಂಪೋ ಹೊರಟಿತು. ಚಡ್ಡಿಯಿಲ್ಲದ, ಹೋಲ್ಡಾಲಿಲ್ಲದ, ಹೆಂಡತಿಯಿಲ್ಲದ ನಾನು ಧೂಳಿನಲ್ಲಿ ನಿಂತೆ.

ಮುಂದಿನ ದಿನಗಳಲ್ಲಿ ಓಣಿಯವರು ಪಾಳಿ ಹಚ್ಚಿ ನನ್ನ ತಪಾಸಣೆಗೆ ಬಂದರು. ಮಾಲವ್ವ ಹೊತ್ತಿಗೊಮ್ಮೆ ಬಂದು, "ಎಬ್ಬಿಸಿಲ್ಲಲ್ಲ?" ಅನ್ನುವಳು. ಮಂಜೂರಾದ ರಜೆಯನ್ನು ಹಿಂದಕ್ಕೆ ಕೊಡಲು ನಾಚಿಕೆಯಾಗಿ ನಾನು ಮನೆಯಲ್ಲೇ ಉಳಿದೆ. ಕೋಳಿಯೂ ನಾನೂ ಎದುರುಬದುರು ಕೂತು ಒಬ್ಬರನ್ನೊಬ್ಬರು ದಿಟ್ಟಿಸಿದೆವು. ಕಣ್ಣು ಮೊದಲು ತಗ್ಗಿಸುತ್ತಿದ್ದವನು ನಾನೇ.

ಕಾಶೆವ್ವ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಸೀರೆಯ ಅಂಚಿನಲ್ಲಿ ಉಪ್ಪು ಬಿಳಿಯಾಗಿ ಕೂತಿತ್ತು, ಸೆರಗಿನ ಗಂಟಿನಲ್ಲಿ ನನಗಾಗಿ ಒಂದು ಕವಡೆ. ಬಂದವಳೇ ಮೊದಲು ಹೋಲ್ಡಾಲಿಗೆ ಇಣುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಳಿದಿಯೇನು?" ಅಂದೆ.

"ಇಳಿದೆ. ರೊಜಾರಿಯೊ ಅಣ್ಣ ಕೈ ಹಿಡಿದಿದ್ದರು, ಅವರ ಹೆಂಡತಿ ಮಾರ್ಥಾ ಮ್ಯಾಲೆ ಹಗ್ಗ ಹಿಡಿದಿದ್ದಳು. ಮೀನು ಹಿಂಡು ಹಿಂಡಾಗಿ ಬಂದು ನನ್ನ ಮಾರಿ ನೋಡಿ ಹೋದವ್ರಿ, ಹೊಸಾ ಸೊಸಿ ನೋಡಾಕ ಬಂದಂಗ. ಹಳದಿ ಸೀರಿ ಉಟ್ಟಾವು, ಪಟ್ಟಾಪಟ್ಟಿ ಉಟ್ಟಾವು. ನಿಮ್ಮ ಚಡ್ಡಿ ಬಣ್ಣದ್ದೂ ಒಂದಿತ್ತು."

"ತಳಾ?"

"ನಮ್ಮ ತೊಟ್ಟಿಯಂಗ ಶಾಂತ. ಆದರ ದಂಡಿ ಇಲ್ಲ." ಅವಳು ಸೆರಗಿನ ಗಂಟು ಬಿಚ್ಚಿ ಕವಡೆಯನ್ನು ನನ್ನ ಅಂಗೈಗಿಟ್ಟಳು. "ನಿಮ್ಮನ್ನ ನೆನಸಿದೆ."

ನನ್ನ ಎದೆ ಉಬ್ಬಿತು. "ಹೌದಾ? ಮತ್ತ ರೊಜಾರಿಯೊ ಏನಂದ?"

"ಇಷ್ಟು ಚಲೋ ಉಸಿರು ತಗೊಳ್ತೀರಿ, ಕಲಿಸಿದವರು ಯಾರು ಅಂತ ಕೇಳಿದರು. ನಮ್ಮ ಮನ್ಯಾವ್ರು ಅಂದೆ."

"ಭೇಷ್! ಆಮೇಲೆ?"

"ಅವರೆಲ್ಲಿ, ಯಾಕೆ ಬರಲಿಲ್ಲ ಅಂತ ಕೇಳಿದರು." ಕಾಶೆವ್ವ ಚುಕ್ಕಿಕೋಳಿಯ ಮುಂದೆ ಹಿಡಿ ಜೋಳ ಚೆಲ್ಲಿದಳು. "ಕಾವಿಗೆ ಕುಂತಾರ ಅಂದೆ."

ಕಾಶೆವ್ವ ಈಗ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ದಾಂಡೇಲಿಯ ಹರಕೆಯ ಕೋಳಿಗಳನ್ನು ಕಾರವಾರಕ್ಕೆ ಒಯ್ಯುತ್ತಾಳೆ, ದ್ವೀಪದಲ್ಲಿ ಬಿಡುತ್ತಾಳೆ, ಒಂದು ಸಲ ಕಡಲಿನ ತಳಕ್ಕೆ ಇಳಿದು ಮನೆಗೆ ಬರುತ್ತಾಳೆ.